ಕೀಲಿಕೈ ಯಾರ ಕೈಯಾಗ?

‘ನನ್ನ ಸ್ವಂತ ಅಜಾಗರೂಕತೆಯಿಂದಲೇ ಈ ಅಪಘಾತ ಸಂಭವಿಸಿರುತ್ತದೆ. ಇದಕ್ಕೆ ಮಿಲ್ಲಿನ ಮಾಲೀಕರಾಗಲಿ ಮೇಸ್ತ್ರಿಯಾಗಲಿ ಜವಾಬ್ದಾರರಲ್ಲ. ಮುಂದೆ ಯಾವ ತಕರಾರೂ ಮಾಡುವುದಿಲ್ಲ.’

ಈ ಮೂರು ವಾಕ್ಯ ಬರೆದವರು ನಾವು. ಕೆಳಗೆ ಎಡಗೈ ಹೆಬ್ಬೆಟ್ಟು ಒತ್ತಿದವನು ನಮ್ಮ ಕಾಕಾ. ಬಲಗೈಗೆ ಬ್ಯಾಂಡೇಜು ಸುತ್ತಿತ್ತು. ಐದು ಬೆರಳಿರಬೇಕಾದ ಕಡೆ ಎರಡಿದ್ದವು. 2021ರ ಡಿಸೆಂಬರ್ ಅದು. ನಾವು ಆಗ ಬಿ.ಎ. ಎರಡನೇ ವರ್ಷ, ಮನೆತನದಾಗ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಕೂಸು. ‘ನಿಮ್ಮ ಹುಡುಗನ ಕಡೇಲೆ ಬರಸ್ರಿ, ಅಕ್ಷರ ಚಂದ ಅದಾವ’ ಅಂದರು. ಅಕ್ಷರ ಚಂದನೇ ಇದ್ದವು. ಒಂದು ಒತ್ತು, ಒಂದು ದೀರ್ಘ ತಪ್ಪಿರಲಿಲ್ಲ. ಬರೆದದ್ದು ಮಾತ್ರ ಸುಳ್ಳು.

ಯಾವ ಮಿಲ್ಲು, ಯಾರ ಮಿಲ್ಲು ಎಂದು ಕೇಳಬೇಡಿ ಗೆಳೆಯರೇ. ಹೆಸರು ಹೇಳಿದರೆ ಆ ಒಬ್ಬನನ್ನು ಬೈದು ನೀವು ಪುಟ ತಿರುವಿಬಿಡುತ್ತೀರಿ. ನಮ್ಮ ಜಗಳ ಒಬ್ಬ ಸಾವ್ಕಾರನ ಜೊತೆಗಿಲ್ಲ. ‘ಅಜಾಗರೂಕತೆ’ ಎಂಬ ಆ ಒಂದು ಶಬ್ದದ ಜೊತೆಗಿದೆ. ಅದನ್ನು ಕಲಿಸಿದ ಸಾಲಿಯ ಜೊತೆಗಿದೆ. ಅದನ್ನು ಬರೆದ ನಮ್ಮ ಕೈಯ ಜೊತೆಗಿದೆ.

ನಮ್ಮದು ವಿರೂಪಾಪುರಗಡ್ಡೆಯ ಸೀಮೆ. ತುಂಗಭದ್ರೆ ಕವಲೊಡೆದು ನಡುವೆ ಉಳಿಸಿದ ನೆಲ. ಗುಂಡುಗಲ್ಲಿನ ಗುಡ್ಡ, ಅದರ ಬುಡಕ್ಕೆ ಭತ್ತದ ಗದ್ದೆ, ಆಚೆ ದಂಡೆಗೆ ಹಂಪಿಯ ವಿರೂಪಾಕ್ಷನ ಗೋಪುರ. ದೇಶ ದೇಶದ ಮಂದಿ ಬಂದು ಇದರ ಚಿತ್ರ ತೆಗೆದುಕೊಂಡು ಹೋದರು. ಕಸಬರಿಗೆ ಹಿಡಿದವರು ಮಾತ್ರ ಯಾವ ಚಿತ್ರದಲ್ಲೂ ಬೀಳಲಿಲ್ಲ. ನಮ್ಮ ಕಾಕಾ ಹತ್ತೊಂಬತ್ತು ಇಪ್ಪತ್ತು ವರ್ಷ ಗಡ್ಡೆಯ ಹೋಟೆಲೊಂದರಲ್ಲಿ ಹಾಸಿಗೆ ಝಾಡಿಸಿದ, ಪಾಯಖಾನೆ ತೊಳೆದ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ಕಟ್ಟಡಗಳು ಕಾನೂನಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಮಾರ್ಚಿನಲ್ಲಿ ಜೆಸಿಬಿ ಬಂದವು. ಕಟ್ಟಿದವರ ಪರವಾಗಿ ವಕೀಲರಿದ್ದರು. ತೊಳೆದವರಿಗೆ ಒಂದು ನೋಟೀಸೂ ಬರಲಿಲ್ಲ. ಪರಂಪರೆ ಉಳೀಲಿ, ನಾವು ಬ್ಯಾಡ ಅನ್ನೋರಲ್ಲ. ಆದರೆ ಕಸ ಹೊಡೆಯುವವರ ಹೊಟ್ಟೆಯ ಲೆಕ್ಕ ಯಾವ ಪ್ರಾಧಿಕಾರದ ಕಡತದಲ್ಲಿತ್ತು?

ಕಾಕಾ ಗಂಗಾವತಿ ಕಡೆಯ ಅಕ್ಕಿ ಮಿಲ್ಲಿಗೆ ಹೋದ. ಮೂಟೆ ಹೊರುತ್ತೇನೆ ಅಂದ. ಹಮಾಲರ ಗ್ಯಾಂಗು ಮೊದಲೇ ತುಂಬಿತ್ತು. ‘ಕ್ಲೀನಿಂಗಿಗೆ ಇರು’ ಅಂದರು. ಗಡ್ಡೆಯಲ್ಲಿ ಕಸಬರಿಗೆ, ಮಿಲ್ಲಿನಲ್ಲೂ ಕಸಬರಿಗೆ. ನಡುವೆ ಬದಲಾದದ್ದು ಒಂದೇ: ಹಾಸಿಗೆಗೆ ಹಲ್ಲಿರಲಿಲ್ಲ, ಇಲ್ಲಿಯ ಯಂತ್ರಕ್ಕಿತ್ತು.

ಏನಾಯಿತೆಂದು ತಿಳಿಯಬೇಕಾದರೆ ಮಿಲ್ಲಿನ ಎಲಿವೇಟರ್ ಏನೆಂದು ತಿಳಿಯಬೇಕು. ಅದು ಮಂದಿ ಏರುವ ಲಿಫ್ಟಲ್ಲ. ಉದ್ದನೆಯ ಬೆಲ್ಟಿಗೆ ಸಾಲಾಗಿ ಬಟ್ಟಲು ಬಡಿದು, ಮೇಲೊಂದು ಕೆಳಗೊಂದು ಗಾಲಿಗೆ ಸುತ್ತಿರುತ್ತಾರೆ. ಬೆಲ್ಟು ತಿರುಗಿದಂತೆ ಬಟ್ಟಲುಗಳು ಕೆಳಗಿನ ಗುಂಡಿಯಿಂದ ಭತ್ತ ಮೊಗೆದು ಮೇಲಕ್ಕೆ ಒಯ್ದು ಸುರುವುತ್ತವೆ. ಜಲ್ಲಿನ ಚೂರು, ಚೀಲದ ದಾರ, ಹಸಿ ಭತ್ತದ ಉಂಡೆ ಗುಂಡಿಯೊಳಗೆ ಸಿಕ್ಕಿಕೊಂಡರೆ ಬೆಲ್ಟು ನಿಲ್ಲುತ್ತದೆ. ಮಿಲ್ಲಿನವರು ಇದಕ್ಕೆ ‘ಜಾಮ್ ಆತು’ ಅನ್ನುತ್ತಾರೆ. ಆಗ ಯಾರೋ ಒಬ್ಬರು ಗುಂಡಿಗೆ ಇಳಿದು, ಬುಡದ ತಗಡಿನ ಬಾಗಿಲು ತೆಗೆದು, ಕೈ ಹಾಕಿ ಎಳೆಯಬೇಕು.

ಆ ‘ಯಾರೋ ಒಬ್ಬರು’ ಯಾರು? ಸಾವ್ಕಾರನಲ್ಲ. ಅವನ ಮಗನಲ್ಲ. ಆಪರೇಟರನೂ ಅಲ್ಲ. ಅವನು ಸ್ವಿಚ್ಚಿನ ಹತ್ತಿರ ನಿಂತಿರುತ್ತಾನೆ. ಇಳಿಯುವವರು ಕ್ಲೀನಿಂಗಿನವರು.

‘ಬಂದ್ ಮಾಡ್ರಿ, ತಗೀತೀನಿ’ ಅಂದನಂತೆ ಕಾಕಾ.

‘ಏ, ಪೂರಾ ಬಂದ್ ಮಾಡಿದ್ರ ಮುಂದಿಂದೆಲ್ಲಾ ನಿಂದರತೈತಿ. ಒಂದ್ ಕೈ ಹಾಕಿ ಎಳದ್ಬಿಡೋ.’

ಈ ಮಾತನ್ನು ಒಬ್ಬ ಕೆಟ್ಟ ಮನುಷ್ಯನ ಮಾತು ಎಂದು ತಿಳಿಯಬೇಡಿ. ಅದರ ಹಿಂದೆ ಒಂದು ಲೆಕ್ಕ ಇದೆ. ಮಿಲ್ಲಿನಲ್ಲಿ ಒಂದು ಯಂತ್ರದ ಬಾಯಿಗೆ ಇನ್ನೊಂದರ ಬಾಲ ಕಟ್ಟಿರುತ್ತದೆ. ಒಂದು ನಿಂತರೆ ಸಿಪ್ಪೆ ಸುಲಿಯುವುದು ನಿಲ್ಲುತ್ತದೆ, ಪಾಲಿಶ್ ನಿಲ್ಲುತ್ತದೆ, ಹೊರಗೆ ಲಾರಿ ಕಾಯುತ್ತದೆ. ಭತ್ತ ತುಂಬಿಕೊಂಡು ನಿಂತ ಎಲಿವೇಟರನ್ನು ಮತ್ತೆ ಚಾಲೂ ಮಾಡಬೇಕಾದರೆ ಮೊದಲು ಅಷ್ಟನ್ನೂ ಕೈಯಿಂದ ಖಾಲಿ ಮಾಡಬೇಕು. ಒಂದು ತಾಸು ಹೋಗುತ್ತದೆ. ಒಂದು ತಾಸಿಗೆ ಇಷ್ಟು ಚೀಲ, ಚೀಲಕ್ಕೆ ಇಷ್ಟು ರೊಕ್ಕ. ಈ ಲೆಕ್ಕ ಸಾವ್ಕಾರನ ನಾಲಿಗೆ ತುದಿಯಲ್ಲಿದೆ. ತಕ್ಕಡಿಯ ಇನ್ನೊಂದು ಕಡೆ ಇರುವುದು ಏನು? ಒಂದು ಕೈ. ಅದಕ್ಕೆ ಅಲ್ಲಿ ತೂಕವಿಲ್ಲ.

ಕಾಕಾ ಕೈ ಹಾಕಿ ಎಳೆದ. ಸಿಕ್ಕಿದ್ದ ಗಂಟು ಬಿಟ್ಟುಕೊಂಡಿತು. ಗಂಟು ಬಿಟ್ಟ ಕೂಡಲೇ ಬೆಲ್ಟು ಹರಿಯಿತು. ಅಷ್ಟೇ.

ಇಲ್ಲಿ ಇನ್ನೊಂದು ಸಂಗತಿ ತಿಳಿದಿರಲಿ. ಸ್ವಿಚ್ ಒತ್ತಿ ಬಂದ್ ಮಾಡಿದ್ದರೂ ಸಾಲದು. ಮೇಲಕ್ಕೆ ಹೊರಟ ಬಟ್ಟಲುಗಳಲ್ಲಿ ಭತ್ತ ತುಂಬಿರುತ್ತದೆ, ಇಳಿಯುವ ಬಟ್ಟಲುಗಳು ಖಾಲಿ. ಆ ಭಾರಕ್ಕೆ ಬೆಲ್ಟು ಕರೆಂಟಿಲ್ಲದೆಯೂ ಹಿಂದಕ್ಕೆ ಜಾರುತ್ತದೆ. ದೊಡ್ಡ ಗಾಲಿ ಮೋಟಾರ್ ನಿಂತ ಮೇಲೂ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ ಮನುಷ್ಯನದು: ಒಬ್ಬ ಕೆಳಗೆ ಗುಂಡಿಯಲ್ಲಿರುವುದು ಗೊತ್ತಿಲ್ಲದೆ ಇನ್ನೊಬ್ಬ ಬಂದು ಬಟನ್ ಒತ್ತುತ್ತಾನೆ. ಗಾಲಿ ಪೂರಾ ನಿಲ್ಲುವತನಕ ಕಾಯಬೇಕು, ಬೆಲ್ಟು ಜಾರದಂತೆ ತಡೆ ಕೊಡಬೇಕು, ಸ್ವಿಚ್ಚಿಗೆ ಕೀಲಿ ಜಡಿಯಬೇಕು. ಮತ್ತು ಆ ಕೀಲಿಕೈ ಗುಂಡಿಗೆ ಇಳಿಯುವವನ ಜೇಬಿನಲ್ಲಿರಬೇಕು. ಅವನು ಮೇಲೆ ಬಂದು ತನ್ನ ಕೈಯಾರೆ ತೆಗೆಯುವವರೆಗೆ ಜಗತ್ತಿನ ಯಾವ ಸಾವ್ಕಾರನೂ ಯಂತ್ರ ಚಾಲೂ ಮಾಡುವಂತಿರಬಾರದು.

ಇದು ದೊಡ್ಡ ವಿಜ್ಞಾನವಲ್ಲ, ಹೊಸದೂ ಅಲ್ಲ. ದೊಡ್ಡ ಕಾರ್ಖಾನೆಗಳು ಪ್ರಪಂಚದ ಎಲ್ಲ ಕಡೆ ಒಪ್ಪಿಕೊಂಡಿರುವ ಪದ್ಧತಿ. ಇದಕ್ಕೆ ಬೇಕಾದ ಕೀಲಿ ಸಂತೆಯಲ್ಲಿ ಸಿಗುತ್ತದೆ. ಹಾಗಾದರೆ ನಮ್ಮ ಮಿಲ್ಲುಗಳಲ್ಲಿ ಯಾಕಿಲ್ಲ?

ರೊಕ್ಕಕ್ಕಾಗಿ ಅಲ್ಲ, ಬಂಧುಗಳೇ. ಕೀಲಿಕೈ ಕೊಟ್ಟರೆ ಕೊಡಬೇಕಾದದ್ದು ಅಧಿಕಾರ. ‘ನಾನು ಹೇಳೋತನಕ ಮಿಲ್ ನಿಂದರತೈತಿ’ ಎಂದು ಹೇಳುವ ಅಧಿಕಾರ ಕಸಬರಿಗೆಯವನಿಗೆ ಹೋಗುತ್ತದೆ. ಈ ದೇಶದಲ್ಲಿ ಯಾವ ಕೀಲಿಕೈ ನಮ್ಮ ಕೈಗೆ ಬಂದಿತ್ತು? ಗುಡಿಯದೆ? ಕಣಜದ್ದೆ? ಚಾವಡಿಯದೆ? ಬಾವಿಗೆ ಕೀಲಿಯೇ ಇರಲಿಲ್ಲ, ಆದರೂ ಅದು ನಮಗೆ ಮುಚ್ಚಿತ್ತು!

ಸ್ವಚ್ಛ ಮಾಡುವ ಕೆಲಸಕ್ಕೆ ಈ ನೆಲದಲ್ಲಿ ಜಾತಿ ಇದೆ. ಊರಿನ ಸತ್ತ ದನ ಎಳೆದವರು, ಚರಂಡಿ ಬಳಿದವರು ಯಾವ ಕೇರಿಯವರೆಂದು ಇದನ್ನು ಓದುವ ಮೇಷ್ಟ್ರುಗಳಿಗೆ ನಾವು ಹೇಳಬೇಕಾಗಿಲ್ಲ. 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡಾಗ ನಾಡು ಮೂಗು ಮುಚ್ಚಿಕೊಂಡಿತು. ಯಂತ್ರ ಬಂದರೆ ಇದೆಲ್ಲ ಹೋಗುತ್ತದೆ ಅಂದವರಿದ್ದರು. ಯಂತ್ರ ಬಂತು. ಯಂತ್ರ ನಡೆಸುವವನು ‘ಆಪರೇಟರ್’ ಆದ. ರಿಪೇರಿ ಮಾಡುವವನು ‘ಫಿಟ್ಟರ್’ ಆದ. ಯಂತ್ರದ ಹೊಲಸು ತೆಗೆಯುವವನು ಏನೂ ಆಗಲಿಲ್ಲ, ‘ಏ ಇವನೇ’ ಆಗಿಯೇ ಉಳಿದ. ಯಂತ್ರದ ಹಲ್ಲಿಗೆ ಎಲ್ಲರಿಗಿಂತ ಹತ್ತಿರ ಹೋಗುವವನು ಅವನು. ಅವನ ಹೆಸರೇ ಯಂತ್ರದ ಕೆಲಸದವರ ಪಟ್ಟಿಯಲ್ಲಿಲ್ಲ!

ಹೀಗೆ ಆಗುತ್ತದೆಂದು ಬಾಬಾಸಾಹೇಬರಿಗೆ ಗೊತ್ತಿತ್ತು. ಮುಂಬೈಯ ಬಟ್ಟೆ ಗಿರಣಿಗಳಲ್ಲಿ ಅಸ್ಪೃಶ್ಯರಿಗೆ ಹೆಚ್ಚು ಪಗಾರದ ನೇಯ್ಗೆ ಖಾತೆಯಲ್ಲಿ ಜಾಗವಿರಲಿಲ್ಲ. ಅಲ್ಲಿ ಲಾಳಿಗೆ ನೂಲು ಪೋಣಿಸುವಾಗ ಬಾಯಿ ಹಚ್ಚಿ ಎಳೆಯಬೇಕಿತ್ತು. ನಮ್ಮ ಎಂಜಲು ತಾಗಿದ ನೂಲನ್ನು ಜೊತೆಯ ಕೂಲಿಕಾರರೇ ಮುಟ್ಟಲೊಲ್ಲರು. ಅಂಬೇಡ್ಕರರು ಇದನ್ನು ಕಾರ್ಮಿಕ ಮುಖಂಡರ ಮುಖಕ್ಕೇ ಕೇಳಿದರು. 1938ರಲ್ಲಿ ಮನ್ಮಾಡದ ರೈಲ್ವೆ ದಲಿತ ಕಾರ್ಮಿಕರ ಸಮ್ಮೇಳನದಲ್ಲಿ, ದುಡಿಯುವವರಿಗೆ ವೈರಿಗಳು ಎರಡು, ಒಂದು ಬ್ರಾಹ್ಮಣಶಾಹಿ, ಇನ್ನೊಂದು ಬಂಡವಾಳಶಾಹಿ ಎಂದರು. ಎಲಿವೇಟರಿನ ಗುಂಡಿಯಲ್ಲಿ ಈ ಎರಡೂ ಒಂದೇ ಬೆಲ್ಟಿಗೆ ಕಟ್ಟಿಕೊಂಡು ತಿರುಗುತ್ತವೆ. ಒಂದು ‘ಯಂತ್ರ ನಿಲ್ಲಬಾರದು’ ಅನ್ನುತ್ತದೆ. ಇನ್ನೊಂದು ‘ಇಳಿಯುವವನು ಇವನೇ’ ಅನ್ನುತ್ತದೆ.

ಎಲ್ಲ ಗಾಯಕ್ಕೂ ಒಂದೇ ಜಾತಿ ಇದೆ ಎಂದು ನಾವು ಹೇಳುತ್ತಿಲ್ಲ. 2022ರ ಏಪ್ರಿಲಿನಲ್ಲಿ ಮಂಗಳೂರಿನ ಬಜ್ಪೆ ಬಳಿಯ ವಿಶೇಷ ಆರ್ಥಿಕ ವಲಯದ ಮೀನಿನ ಕಾರ್ಖಾನೆಯಲ್ಲಿ ತ್ಯಾಜ್ಯದ ತೊಟ್ಟಿ ಸ್ವಚ್ಛ ಮಾಡಲು ಇಳಿದವನು ಮೇಲೆ ಬರಲಿಲ್ಲ. ಅವನನ್ನು ಎತ್ತಲು ಇಳಿದವರೂ ಬೀಳುತ್ತ ಹೋದರು. ಸತ್ತವರು ಐವರು, ಪಶ್ಚಿಮ ಬಂಗಾಳದಿಂದ ಕೂಲಿಗೆ ಬಂದವರು. 2024ರ ಮೇ ತಿಂಗಳಲ್ಲಿ ನಮ್ಮ ಹೊಳೆಯ ಆಚೆಗೆ, ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯಲ್ಲಿ ನೀರಿನ ಕೊಳವೆ ದುರಸ್ತಿಗೆ ಹೋದ ಮೂವರು ನೀರಿನ ಸೆಳೆತಕ್ಕೆ ಸಿಕ್ಕಿ ಸತ್ತರು. ಓಡುವ ಯಂತ್ರ ಕೈ ಹಾಕಿದವನ ಜಾತಿ ಕೇಳುವುದಿಲ್ಲ, ನಿಜ. ಆದರೆ ಯಾರು ಕೈ ಹಾಕಬೇಕೆಂದು ತೀರ್ಮಾನ ಮಾಡುವುದು ಯಂತ್ರವಲ್ಲ. ಆ ತೀರ್ಮಾನ ಬೆಳಿಗ್ಗೆ ಗೇಟಿನ ಹತ್ತಿರ, ಮುಖ ನೋಡಿ, ಕೇರಿ ಕೇಳಿ ಆಗಿರುತ್ತದೆ.

ಕಾನೂನು ಇರಲಿಲ್ಲವೆ? ಇತ್ತು. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು ತಿರುಗುವ ಭಾಗಗಳಿಗೆ ಬೇಲಿ ಹಾಕಿರಿ ಅಂದಿತು. 22ನೇ ಕಲಮು, ಓಡುವ ಯಂತ್ರದ ತಪಾಸಣೆಗೆ, ಎಣ್ಣೆ ಬಿಡಲಿಕ್ಕೆ ಹೋಗಲೇಬೇಕಾಗಿ ಬಂದರೆ ಅದಕ್ಕೆಂದೇ ತರಬೇತಾದ ವಯಸ್ಕ ಗಂಡಾಳು ಹೋಗಬೇಕು, ಮೈಗಂಟುವ ಬಟ್ಟೆಯನ್ನು ಮಾಲೀಕನೇ ಕೊಡಬೇಕು, ಅವನ ಹೆಸರು ರಿಜಿಸ್ಟರಿನಲ್ಲಿ ಇರಬೇಕು ಅಂದಿತು. ಹೆಂಗಸರನ್ನು, ಎಳೆಯರನ್ನು ಓಡುವ ಗಾಲಿ ಬೆಲ್ಟುಗಳನ್ನು ಒರೆಸಲು ಬಿಡಲೇಬಾರದು ಅಂದಿತು. ನಮ್ಮ ಅವ್ವಂದಿರು ಸೀರೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಓಡುವ ಬೆಲ್ಟಿನ ಬಗಲಲ್ಲೇ ತೌಡು ಬಳಿಯುವುದನ್ನು ನೋಡಿದವರು ಹೇಳಿರಿ, ಆ ಕಾಗದ ಯಾವ ದೇಶಕ್ಕೆ ಬರೆದದ್ದು? ಅದೇ ಕಾಯ್ದೆಯ 24ನೇ ಕಲಮಿನಲ್ಲಿ, ಅರಿವಿಲ್ಲದೆ ಚಾಲೂ ಆಗಬಹುದಾದ ಸ್ವಿಚ್ಚಿಗೆ ಬಂದ್ ಇದ್ದಾಗಲೇ ಕೀಲಿ ಹಾಕುವ ಏರ್ಪಾಡು ಇರಬೇಕೆಂಬ ಮಾತೂ ಇತ್ತು. ನಾವು ಕೇಳುತ್ತಿರುವ ಕೀಲಿ ನಮ್ಮ ಕನಸಲ್ಲ ಗೆಳೆಯರೇ, ಸಂಸತ್ತು ಬರೆದ ಕೀಲಿ!

ಆದರೆ ಆ ಕಾಯ್ದೆ ತಟ್ಟಬೇಕಾದರೆ ಕರೆಂಟಿನ ಯಂತ್ರವಿದ್ದಲ್ಲಿ ಹತ್ತು ಮಂದಿ ದುಡಿಯುತ್ತಿರಬೇಕಿತ್ತು. ಇಪ್ಪತ್ತು ಮಂದಿ ಬೆವರುವ ಕಡೆ ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರು ಬರೆದರೆ ಮುಗೀತು. ಈಗ ಆ ಕಾಯ್ದೆಯೂ ಹೋಗಿ 2020ರ ಹೊಸ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ ‘ಕಾರ್ಖಾನೆ’ ಎನಿಸಿಕೊಳ್ಳಲು ಹತ್ತಲ್ಲ, ಇಪ್ಪತ್ತು ಮಂದಿ ಬೇಕು. ಹಳೇ ಜರಡಿಯಲ್ಲಿ ಜಾರಿದವರಿಗೆ ಇನ್ನೂ ದೊಡ್ಡ ತೂತಿನ ಜರಡಿ!

ಹೊಲದ ಕಥೆಯೂ ಇದೇ. ರಾಶಿ ಮಷೀನಿನ ಬಾಯಿಗೆ ಸಿವುಡು ತಳ್ಳುವಾಗ ಕೈ ಹೋದವರು ದೇಶದ ತುಂಬ ಎಷ್ಟಾದರೆಂದರೆ, 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳಿಗೆಂದೇ ಒಂದು ಕಾಯ್ದೆ ಮಾಡಿತು. ಕರೆಂಟಿನ, ಎಂಜಿನ್ನಿನ ರಾಶಿ ಮಷೀನಿಗೆ ಹೀಗೆ ಹೀಗೆ ರಕ್ಷಣೆ ಇರಬೇಕು, ಕೈ ಕಳೆದುಕೊಂಡವನಿಗೆ ಪರಿಹಾರ ಸಿಗಬೇಕು ಅಂದಿತು. ನಾಲ್ಕು ದಶಕ ದಾಟಿತು. ಓದುಗರಲ್ಲಿ ಎಷ್ಟು ಮಂದಿ ಆ ಕಾಯ್ದೆಯ ಹೆಸರು ಕೇಳಿದ್ದೀರಿ? ನಾವೂ ಕೇಳಿರಲಿಲ್ಲ.

ಈಗ ಆ ಕಾಗದಕ್ಕೆ ಬರೋಣ. ಕಾಕಾನಿಗೆ ಕೊಟ್ಟದ್ದು ನಲವತ್ತು ಸಾವಿರ ರೂಪಾಯಿ, ಎರಡು ಚೀಲ ಅಕ್ಕಿ. ಅವನ ಕೂಲಿ ತಿಂಗಳಿಗೆ ಹನ್ನೆರಡು ಸಾವಿರ, ವಯಸ್ಸು ನಲವತ್ತು. 1923ರಿಂದ ಇದ್ದ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲಿ ಬೆರಳುಗಳಿಗೆ ದರಪಟ್ಟಿ ಇತ್ತು. ತೋರುಬೆರಳಿಗೆ ನೂರಕ್ಕೆ 14, ನಡುಬೆರಳಿಗೆ 12, ಉಂಗುರದ ಬೆರಳಿಗೆ 7. ಒಂದೇ ಕೈಯ ಮೂರು ಬೆರಳು ಹೋದರೆ 30. ಹೆಬ್ಬೆರಳು ಒಂದಕ್ಕೇ 30. ಏಕಲವ್ಯನಿಗೆ ಅಷ್ಟನ್ನೂ ಯಾರೂ ಕೊಡಲಿಲ್ಲ! ಆ ಕಾಯ್ದೆಯ ಸೂತ್ರ ಹಿಡಿದು ಲೆಕ್ಕ ಹಾಕಿದರೆ ಕಾಕಾನಿಗೆ ಬರಬೇಕಿದ್ದದ್ದು ಸುಮಾರು 3 ಲಕ್ಷ 97 ಸಾವಿರ. ಹತ್ತರಲ್ಲಿ ಒಂದು ಪಾಲು ಕೊಟ್ಟು, ಉಳಿದ ಒಂಬತ್ತು ಪಾಲನ್ನು ನಮ್ಮ ಚಂದದ ಅಕ್ಷರದಲ್ಲಿ ಬರೆಸಿಕೊಂಡರು.

ಅದೇ ಕಾಯ್ದೆಯ 17ನೇ ಕಲಮು, ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವ ಕರಾರೂ ನಡೆಯದು ಅಂದಿತ್ತು. ಅಂದರೆ ಆ ಕಾಗದಕ್ಕೆ ಚಿಕ್ಕಾಸಿನ ಬೆಲೆ ಇರಲಿಲ್ಲ. ನಮಗೆ ಗೊತ್ತಿರಲಿಲ್ಲ. ಅರ್ಜಿ ಹಾಕಲು ಎರಡು ವರ್ಷ ಗಡುವಿತ್ತು. ನಾವು ಡಿಗ್ರಿ ಮುಗಿಸಿ, ಈ ಪುಟಗಳನ್ನು ಹುಡುಕಿ ಓದುವಷ್ಟರಲ್ಲಿ ಎರಡು ವರ್ಷ ದಾಟಿತ್ತು. ತಡಕ್ಕೆ ತಕ್ಕ ಕಾರಣವಿದ್ದರೆ ಅರ್ಜಿ ತೆಗೆದುಕೊಳ್ಳಬಹುದೆಂದೂ ಇತ್ತು. ನಮ್ಮ ಕಾರಣ ಏನು? ‘ನಮಗೆ ಓದು ಬರುತ್ತಿತ್ತು, ಕಾನೂನು ಬರುತ್ತಿರಲಿಲ್ಲ’ ಎಂದು ಬರೆಯಬೇಕೆ? ಅರ್ಜಿ ಹಾಕೋಣ ಅಂದಾಗ ಕಾಕಾ ಅಂದ: ‘ಬ್ಯಾಡ ತಮ್ಮಾ, ನಿಮ್ಮ ಕಾಕಿ ಅಲ್ಲೇ ಕಸಾ ಹೊಡಿಯಾಕ ಹೋಗತಾಳ.’

ಇನ್ನೊಂದು ಮಾತು ನೀವು ಎಲ್ಲ ಕಡೆ ಕೇಳಿರುತ್ತೀರಿ: ‘ಅಂವಾ ಕುಡದಿದ್ದ.’ ಇದು ಬರೀ ಚಹಾದಂಗಡಿಯ ಮಾತಲ್ಲ. ಕುಡಿದಿದ್ದ, ಬೇಕೆಂದೇ ನಿಯಮ ಮುರಿದ, ಬೇಕೆಂದೇ ರಕ್ಷಣೆಯ ಗಾರ್ಡು ತೆಗೆದ ಎಂದು ತೋರಿಸಿದರೆ ಮಾಲೀಕ ಪರಿಹಾರದಿಂದ ತಪ್ಪಿಸಿಕೊಳ್ಳಬಹುದೆಂದು ಆ ಕಾಯ್ದೆಯಲ್ಲೇ ಇತ್ತು. ಕಾರ್ಮಿಕ ಸತ್ತರೆ ಅಥವಾ ಪೂರ್ತಿ ದುಡಿಯಲಾರದಂತಾದರೆ ಮಾತ್ರ ಈ ನೆಪ ನಡೆಯುತ್ತಿರಲಿಲ್ಲ. ಆದ್ದರಿಂದ ಬೆರಳು ಹೋದಾಗ ಮೊದಲು ಹೆಂಡದ ವಾಸನೆ ಹುಡುಕುತ್ತಾರೆ. ಕೇರಿಯವನೆಂದ ಮೇಲೆ ಕುಡಿದೇ ಇರುತ್ತಾನೆ ಎಂದು ಊರು ಸಾಕ್ಷಿ ಹೇಳುತ್ತದೆ. ಜಾತಿಯ ಚಾಡಿ ಕಾನೂನಿನ ಸಾಕ್ಷಿಯಾಗುವುದು ಹೀಗೆ.

ಕವಿ ಗೆಳೆಯರೇ, ನಮಗೆ ನಾವೇ ಒಂದು ಮಾತು ಕೇಳಿಕೊಳ್ಳೋಣ. 1973ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದಾಗ ಆದ ಗಲಾಟೆಯಿಂದ ನಮ್ಮ ಚಳವಳಿ ಎದ್ದು ನಿಂತಿತು. ಆ ಜರಡಿಗೆ ನಮ್ಮ ಪದ್ಯಗಳನ್ನೂ ಹಾಕಬೇಡವೆ? ನಾವು ನೆತ್ತರು ಎಂದು ಬರೆದೆವು, ಬೆವರು ಎಂದು ಬರೆದೆವು. ನೆತ್ತರು ಯಾವ ಗಾಲಿಯ ಸಂದಿನಿಂದ, ಯಾರ ಮಾತಿನಿಂದ, ಯಾವ ಹೊತ್ತಿನಲ್ಲಿ ಬಿತ್ತು ಎಂದು ಬರೆಯಲಿಲ್ಲ. ವೇದಿಕೆ ಮೇಲೆ ಕ್ರಾಂತಿ ಎಂದು ಕೂಗಿ, ಮನೆಗೆ ಬಂದು ‘ಅಜಾಗರೂಕತೆ’ ಎಂದು ಬರೆದುಕೊಟ್ಟೆವು. ಕೇರಿಯ ಮೊದಲ ಅಕ್ಷರ ಸಾವ್ಕಾರನ ಗುಮಾಸ್ತನಾಯಿತು.

ಹಳ್ಳಿಯ ಮೇಷ್ಟ್ರೇ, ಕಾಲೇಜಿನ ಗೆಳೆಯರೇ, ಇಂಥ ಕಾಗದ ಬರೆಯಲು ನಾಳೆ ನಿಮ್ಮ ಹತ್ತಿರವೂ ಬರುತ್ತಾರೆ. ಬರೆಯಬೇಡಿ. ಬರೆಯಲೇಬೇಕಾದರೆ ಇಷ್ಟು ಬರೆಯಿರಿ: ಯಂತ್ರ ಓಡುತ್ತಿತ್ತೆ, ನಿಂತಿತ್ತೆ? ನಿಲ್ಲಿಸು ಎಂದು ಕೇಳಿದ್ದರೆ? ಬ್ಯಾಡ ಅಂದವರು ಯಾರು? ಸ್ವಿಚ್ಚಿನ ಹತ್ತಿರ ಯಾರಿದ್ದರು? ಗಾರ್ಡು ಇತ್ತೆ? ಈ ಕೆಲಸ ಹೇಗೆ ಮಾಡಬೇಕೆಂದು ಯಾರಾದರೂ ಕಲಿಸಿದ್ದರೆ? ಇಷ್ಟು ಬರೆದು, ದಿನ, ಹೊತ್ತು ಹಾಕಿ, ನೋಡಿದವರ ಸಹಿ ಹಾಕಿಸಿ, ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿರಿ. ನೂರು ಪದ್ಯಕ್ಕಿಂತ ಅದು ದೊಡ್ಡ ಬಂಡಾಯ.

ಮಿಲ್ಲಿನವರನ್ನು ನಾವು ಕೇಳುವುದು ಮೂರೇ. ಯಂತ್ರ ತೊಳೆಯುವವನೂ ಯಂತ್ರದ ಕೆಲಸಗಾರ: ಅವನ ಹೆಸರು ಪುಸ್ತಕಕ್ಕೆ ಬರಲಿ, ಅವನಿಗೂ ಕೆಲಸ ಕಲಿಸಲಿ, ಅದಕ್ಕೆ ತಕ್ಕ ಪಗಾರ ಕೊಡಲಿ. ಓಡುವ ಯಂತ್ರಕ್ಕೆ ಕೈ ಹಾಕು ಅಂದವನ ಮೇಲೆ ಕೇಸಾಗಲಿ. ಮತ್ತು ಆ ಕೀಲಿ.

ಆ ಕಾಗದವನ್ನು ಈಗ ತಿದ್ದಿ ಬರೆಯುತ್ತಿದ್ದೇವೆ. ಇದರ ಮೇಲೆ ಸಹಿ ನಮ್ಮದು:

‘ಯಂತ್ರ ನಿಲ್ಲಿಸಿರಿ ಎಂದು ನಮ್ಮ ಕಾಕಾ ಕೇಳಿದ. ನಿಲ್ಲಿಸಲಿಲ್ಲ. ಕೈ ಹಾಕು ಅಂದರು. ಹಾಕಿದ. ಬೆರಳು ಹೋದವು. ಅವನು ಜಾಗರೂಕನಾಗಿಯೇ ಇದ್ದ. ಕೀಲಿಕೈ ಅವನ ಕೈಯಾಗ ಇರಲಿಲ್ಲ.’